ಗೌರಾಬಾಯಿಯನ್ನು ಹೊರಗೆ ತರುವವರು ಯಾರು?

ಅತನೂರಿನ ಖಂಡಪ್ಪನ ಮನೆಗೆ ಹತ್ತಿ ಬಂತೆಂದರೆ ಮನುಷ್ಯರಿಗೆ ಜಾಗ ಇರುತ್ತಿರಲಿಲ್ಲ. ಆಗ ನಿಜಾಮರ ಆಳಿಕೆ, ಯುದ್ಧದ ಕಾಲ. ಒಳ್ಳೆಯ ಧಾರಣೆ ಬರಲೆಂದು ರೈತರು ಹತ್ತಿಯನ್ನು ಮನೆಯೊಳಗೇ ಒಟ್ಟಿಕೊಂಡು ಕಾಯುತ್ತಿದ್ದರು. ಪಡಸಾಲೆ ತುಂಬ ಹತ್ತಿ, ಹಿತ್ತಲ ಬಾಗಿಲಿಗೂ ಅಡ್ಡ ಹತ್ತಿ. ಅದರಾಚೆ ಒಳಮನೆಯಲ್ಲಿ ಖಂಡಪ್ಪನ ಅಕ್ಕ ಗೌರಾಬಾಯಿ. ಸಣ್ಣವಳಿದ್ದಾಗ ಬಂದ ಜ್ವರಕ್ಕೆ ಎರಡೂ ಕಾಲಿನ ಬಲ ಹೋಗಿತ್ತು. ಕೈ ಮಾತ್ರ ಬಂಗಾರ. ಊರಿನ ಮದುವೆಗಳಿಗೆಲ್ಲ ಆಕೆ ಹೊಲಿದ ಕೌದಿಯೇ ಆಗಬೇಕಿತ್ತು.

ಮುಂಜಾನೆ ಖಂಡಪ್ಪ, ಹೆಂಡತಿ ಸಕ್ಕುಬಾಯಿ ಹೊಲಕ್ಕೆ ಹೊರಟರೆ ಹೊರಗಿನಿಂದ ಕೀಲಿ ಬೀಳುತ್ತಿತ್ತು. ಹತ್ತಿ ಕಳುವಾಗಬಾರದು, ನಾಯಿ ನುಗ್ಗಬಾರದು, ಅಕ್ಕನಿಗೆ ಯಾರೂ ತ್ರಾಸು ಕೊಡಬಾರದು. ಪ್ರೀತಿ ಇರಲಿಲ್ಲ ಅನ್ನಲು ಬಾಯಿ ಬಾರದು. ಬುದ್ಧಿ ಮಾತ್ರ ಅವರಿಗಿಂತ ಮೊದಲೇ ಹೊಲಕ್ಕೆ ಹೋಗಿತ್ತು. ಕೀಲಿಯ ಸಪ್ಪಳಕ್ಕೆ ಗೌರಾಬಾಯಿಯ ಎದೆ ಝಲ್ಲೆನ್ನುತ್ತಿತ್ತು. ತಮ್ಮನ ಮನೆಯ ರೊಟ್ಟಿ ತಿನ್ನುವವಳು ತಕರಾರು ಹೇಗೆ ತೆಗೆಯುವುದು ಎಂದು ಮತ್ತೆ ಸೂಜಿ ಹಿಡಿಯುತ್ತಿದ್ದಳು.

ಒಂದು ದಿನ ಪಕ್ಕದ ಮನೆಯ ಅಮೀರುನ್ನಿಸಾ ಚೌಡಾಪುರದಿಂದ ಕೆಟ್ಟ ಸುದ್ದಿ ತಂದಳು. ಅಲ್ಲಿ ಒಂದು ದೊಡ್ಡ ಮನೆಗೆ ಬೆಂಕಿ ಬಿದ್ದು ಎಲ್ಲರೂ ಹೊರಗೆ ಓಡಿದ್ದರು. ಕಣ್ಣು ಕಾಣದ ಮುದುಕ ಸೈದಪ್ಪನನ್ನು ಅಣ್ಣ ತಂದಿದ್ದಾನೆಂದು ಕಿರಿಯ ಮಗ, ತಮ್ಮ ತಂದಿದ್ದಾನೆಂದು ಹಿರಿಯ ಮಗ ತಿಳಿದಿದ್ದರು. ಗೊತ್ತಾಗುವ ಹೊತ್ತಿಗೆ ಮಾಳಿಗೆ ಕುಸಿದಿತ್ತು. ತುಂಬಿದ ಮನೆಯಲ್ಲಿ ಮುದುಕ ಒಬ್ಬನೇ ಸತ್ತ.

ಇಷ್ಟು ಹೇಳಿ ಅಮೀರುನ್ನಿಸಾ ಖಂಡಪ್ಪನ ಕಡೆ ತಿರುಗಿ, ಈ ಮನೆಗೆ ಬೆಂಕಿ ಬಿದ್ದರೆ ಗೌರಾಳನ್ನು ಯಾರು ತರುತ್ತಾರೆ ಎಂದು ಕೇಳಿದಳು.

"ನಾ ಇಲ್ಲೇನು? ಎತ್ಕೊಂಡು ಓಡ್ತೇನಿ," ಅಂದ ಖಂಡಪ್ಪ.

"ನೀ ಹೊಲದಾಗ ಇದ್ದಾಗ?"

ಹೋಗಲಿ, ಇದ್ದಾಗಲಾದರೂ ಹೇಗೆ ಎತ್ತುತ್ತಿ, ಈಗಲೇ ಹೊರಗೆ ತಂದು ತೋರಿಸು ಅಂದಳು ಆಕೆ. ಅವನ ಮುಖ ಸಣ್ಣದಾಯಿತು.

"ಬಿಡ್ತು ಅನ್ನಬೇ ಚಿಗವ್ವ. ಜೀವಂತ ಇದ್ದಾಕೀನ್ನ ಹೊತ್ತು ಹೊಸ್ತಿಲ ದಾಟಿಸೋದಂದ್ರ ಹೆಣ ತಂದಂಗ. ಅಪಶಕುನ ಅದು."

ಸಕ್ಕುಬಾಯಿಯೂ ಹೌದೆಂದು ತಲೆಯಾಡಿಸಿದಳು. ಗೌರಾಬಾಯಿ ಸೂಜಿ ಕೆಳಗಿಟ್ಟಳು. ಇಷ್ಟು ವರ್ಷದ ಮಾತು ಗಂಟಲಿಗೆ ಬಂದಿತ್ತು.

"ತಮ್ಮಾ, ಸತ್ತ ಮ್ಯಾಲ ಹ್ಯಾಂಗೂ ನಾಕು ಮಂದಿ ಹೊರತೀರಿ. ಜೀವ ಇದ್ದಾಗ ಒಮ್ಮೆ ಹೊತ್ತು ನೋಡು. ದಿನಾ ನೀ ಕೀಲಿ ಹಾಕಿ ಹೋದ ಕೂಡ್ಲೇ ನನಗ ಉಸಿರು ಕಟ್ತದ."

ಅಕ್ಕನಿಗೆ ಉಂಡೆಯಾ ಎಂದು ದಿನಾ ಕೇಳುತ್ತಿದ್ದ ಖಂಡಪ್ಪ, ಅಂಜಿಕೆ ಆಗುತ್ತದೇನು ಎಂದು ಒಮ್ಮೆಯೂ ಕೇಳಿರಲಿಲ್ಲ. ಎದ್ದು, ಆಕೆಯ ಕಂಕುಳಲ್ಲಿ ಕೈ ಹಾಕಿ ಎತ್ತಿದ. ಅಯ್ಯೋ, ಆ ಎತ್ತಿದ ಚೆಂದವನ್ನು ಏನು ಹೇಳಲಿ. ಗಿಡ್ಡ ಬಾಗಿಲಿಗೆ ತಲೆ ಬಡಿಯಿತು, ಕಾಲು ಹತ್ತಿಯಲ್ಲಿ ಹೂತಿತು, ಅಕ್ಕತಮ್ಮ ಇಬ್ಬರೂ ಹತ್ತಿಯ ಮೇಲೆ ದೊಪ್ಪೆಂದು ಬಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಗೌರಾಬಾಯಿಯೇ.

ನಕ್ಕು ಮುಗಿದ ಮೇಲೆ ಆಕೆಯೇ ದಾರಿ ತೋರಿಸಿದಳು. ಕಂಕುಳು ಹಿಡಿದರೆ ತೋಳು ಕಳಚಿದಂತೆ ನೋಯುತ್ತದೆ. ದಪ್ಪ ಕೌದಿಯ ಮೇಲೆ ಮಲಗಿಸಿ, ತಲೆಯ ಕಡೆಯಿಂದ ಎಳೆದರೆ ಒಬ್ಬರೇ ಸಾಕು. ಕೌದಿಗೆ ಹಿಡಿಕೆ ಹೊಲಿಯುವುದು ತನಗೆ ಬಿಟ್ಟದ್ದು. ಹೊಸ್ತಿಲಿಗೆ ಒಂದು ಹಲಗೆ ಆನಿಸಿಟ್ಟರೆ ಜಾರಿ ದಾಟಬಹುದು. ಇದನ್ನೆಲ್ಲ ಆಕೆ ಕೀಲಿ ಹಾಕಿದ ಮನೆಯೊಳಗೆ ಕುಂತು ಎಂದೋ ಯೋಚಿಸಿದ್ದಳು.

ಹತ್ತಿ ಸರಿದು ದಾರಿಯಾಯಿತು. ಹಿತ್ತಲ ಬಾಗಿಲು ತೆರೆಯಿತು. ಗೌರಾಬಾಯಿಯ ಹಾಸಿಗೆ ಮುಂಬಾಗಿಲ ಹತ್ತಿರ ಬಂತು. ಹೊರಗಿನ ಕೀಲಿ ಹೋಗಿ, ಆಕೆಯ ಕೈಗೆ ಎಟುಕುವಂತೆ ಒಳಗೆ ಅಗುಳಿ ಬಂತು. ಉಳಿದದ್ದು ಒಂದೇ: ಹಗಲು ಎಳೆಯುವವರು ಯಾರು? ಅಮೀರುನ್ನಿಸಾಳ ಗಂಡ ಹುಸೇನಪೀರ ದಿನವಿಡೀ ಮನೆಯಲ್ಲೇ ಹಗ್ಗ ಹೊಸೆಯುವವನು, ಗಟ್ಟಿ ಆಳು. ಆದರೆ ಕಿವಿ ಕೇಳದು. ಕೂಗಿದರೆ ಅವನಿಗೆ ತಿಳಿಯುವುದು ಹೇಗೆ ಎಂದು ಖಂಡಪ್ಪ ಮತ್ತೆ ರಾಗ ಎಳೆದ.

ಹುಸೇನಪೀರ ಸನ್ನೆಯಲ್ಲೇ ವಿಷಯ ತಿಳಿದು ನಕ್ಕ. ಎರಡು ಮನೆಯ ನಡುವಿನ ಗೋಡೆಯ ಕಿಂಡಿಯಲ್ಲಿ ಒಂದು ಹುರಿ ಹಾಯಿಸಿದ. ಅದರ ಒಂದು ತುದಿ ಗೌರಾಬಾಯಿಯ ಹಾಸಿಗೆಗೆ. ಇನ್ನೊಂದಕ್ಕೆ ಕೆಂಪು ಅರಿವೆ ಕಟ್ಟಿ ತನ್ನ ಕಣ್ಣೆದುರು ಇಳಿಬಿಟ್ಟ. ಈಕೆ ಜಗ್ಗಿದರೆ ಅಲ್ಲಿ ಅರಿವೆ ಕುಣಿಯಬೇಕು. ಅವತ್ತೇ ಗೌರಾಬಾಯಿಯನ್ನು ಹಿಡಿಕೆ ಹೊಲಿದ ಕೌದಿಯ ಮೇಲೆ ಹೊರಗೆ ಎಳೆದು ನೋಡಿದರು, ಮುಂದೆ ಅಮಾವಾಸ್ಯೆಗೊಮ್ಮೆ ಎಳೆದು ನೋಡುತ್ತಿದ್ದರು. ಓಣಿಯವರು ಇದೇನು ಆಟವೆಂದು ನಕ್ಕರು. ನಗಲಿ, ನಗುವವರ ಬಾಯಿಗೆ ಬಟ್ಟೆ ಕಟ್ಟಲಾಗುತ್ತದೆಯೇ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಯಾರೋ ಹಿತ್ತಲಲ್ಲಿ ಆರದ ಬೂದಿ ಚೆಲ್ಲಿದ್ದರು. ಗಾಳಿಗೆ ಕಿಡಿ ಹಾರಿ ಜೋಳದ ಒಣದಂಟು ಕಣಕಿಯ ಬಣವೆ ಹೊತ್ತಿತು, ಅಲ್ಲಿಂದ ಬೆಂಕಿ ಎರಡೂ ಮನೆಯ ಕಡೆ ಹೊರಳಿತು. ಅಮೀರುನ್ನಿಸಾ ನೀರಿಗೆ ಹೋಗಿದ್ದಳು. ಹುಸೇನಪೀರ ಹಿತ್ತಲಿಗೆ ಬೆನ್ನು ಮಾಡಿ ಹಗ್ಗ ಹೊಸೆಯುತ್ತಿದ್ದ. ಮಂದಿಯ ಕೂಗಾಟ ಅವನಿಗೆಲ್ಲಿ ಕೇಳಬೇಕು. ಗೌರಾಬಾಯಿಗೆ ಕೇಳಿತು. ಅಗುಳಿ ಸರಿಸಿ ಹುರಿ ಜಗ್ಗಿದಳು, ಕೌದಿಯ ಮೇಲೆ ಮಲಗಿ ಮತ್ತೂ ಜಗ್ಗಿದಳು. ಅರಿವೆ ಕುಣಿಯಿತು. ಹುಸೇನಪೀರ ಓಡಿ ಬಂದ, ಹಿಡಿಕೆ ಹಿಡಿದ, ಹಲಗೆಯ ಮೇಲಿಂದ ಸರ್ರನೆ ಎಳೆದು ಬೇವಿನ ಮರದ ಕೆಳಗೆ ತಂದು ನಿಂತ.

ಹೊಲದಿಂದ ಖಂಡಪ್ಪ ಓಡಿ ಬರುವಾಗ ಬಾಗಿಲಲ್ಲಿ ಹೊಗೆ. ಒಳಗೆ ನುಗ್ಗಹೊರಟವನಿಗೆ ಮರದ ಕೆಳಗಿನಿಂದ ಅಕ್ಕನ ದನಿ ಕೇಳಿತು. ಹೋಗಿ ಆಕೆಯ ಮಡಿಲಲ್ಲಿ ಮುಖವಿಟ್ಟು ಮಗುವಿನಂತೆ ಅತ್ತ. ಹತ್ತಿ ಸುಟ್ಟಿತಲ್ಲೋ ಎಂದು ಆಕೆ ಪೇಚಾಡಿದಳು.

"ಹತ್ತಿ ಮತ್ತ ಬೆಳಿತೇನಿ ಅಕ್ಕಾ," ಅಂದ. "ನಿನ್ನ ಎಲ್ಲಿಂದ ತರಲಿ?"

ಆಕೆ ಅವನ ತಲೆ ಸವರಿದಳು. ಹುಸೇನಪೀರನೂ ಗೌರಾಬಾಯಿಯ ಕಡೆ ತೋರಿಸಿ ಕೈ ಮುಗಿದ. ಹುರಿ ಜಗ್ಗದಿದ್ದರೆ ತಾನೂ ಒಳಗೇ ಇರುತ್ತಿದ್ದನೆಂದು ಅವನಿಗೆ ಗೊತ್ತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ, ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ನಡೆಯಲಾಗದವರು, ಕಾಣದವರು, ಕೇಳದವರು ಇದ್ದಾರೇನು? ಹೊರಗಿನಿಂದ ಕೀಲಿ ಹಾಕಬೇಡಿ. ದಾರಿಯಲ್ಲಿ ಸಾಮಾನು ಒಟ್ಟಬೇಡಿ. ಯಾರು ಹೊರಗೆ ತರಬೇಕು, ಅವರಿಲ್ಲದಾಗ ಯಾರು ಎಂದು ಹೆಸರು ಹಿಡಿದು ಗೊತ್ತು ಮಾಡಿ, ಮಾಡಿ ನೋಡಿ. ಅದಕ್ಕೂ ಮೊದಲು ಅವರ ಹತ್ತಿರ ಕುಂತು, ನಿನ್ನನ್ನು ಹೇಗೆ ಕರೆದೊಯ್ಯಲಿ ಎಂದು ಅವರನ್ನೇ ಕೇಳಿ. ಇವತ್ತೇ ಕೇಳಿ. ಹೊಗೆ ತುಂಬಿದ ಮೇಲೆ ಕೇಳುವುದಕ್ಕೆ ಹೊತ್ತು ಇರುವುದಿಲ್ಲ.