ಮುಖ ನೋಡಿ ಕೊಟ್ಟ ಗಡಿಯಾರ

"ಬುಧವಾರ ಯಾಕಮ್ಮ, ಸೋಮವಾರವೇ ಕಳಿಸ್ತೀನಿ ಬಿಡು. ಅದೇನು ಮಹಾ ಕೆಲಸ!"

ವೀಬ್ರೆನ್ ಮಾವ ಫೋನಿನಲ್ಲಿ ಯಾರಿಗೋ ಹೀಗೆ ಮಾತು ಕೊಡುತ್ತಿದ್ದುದು ಕಿವಿಗೆ ಬಿದ್ದಾಗ ಹಿಸ್ಕೆಯ ಚಿಮುಟದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ತಿರುಪು ಇತ್ತು. ಕೈ ಬಿಗಿಯಿತು, ತಿರುಪು ಚಂಗನೆ ಹಾರಿತು. ಅವಳು ಕನ್ನಡಕ ಹಣೆಗೇರಿಸಿ, ನೆಲಕ್ಕೆ ಮಂಡಿಯೂರಿ, ಬಟ್ಟೆ ಒಗೆಯುವ ಯಂತ್ರದ ಅಡಿಗೆ ಟಾರ್ಚು ಬಿಟ್ಟಳು.

"ಮಾವ, ಅಂಗಡಿ ಫೋನ್ ಮುಟ್ಟಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

"ಆಯಮ್ಮ ನನ್ನನ್ನೇ ಕೇಳಿದ್ಲು ಕಣೆ. ಫೋಟೋದಲ್ಲಿರೋ ತಾತ ಇದಾರಾ ಅಂತ. ಮನೇಲೇ ಕೂತ್ಕೊಂಡು ಇಲ್ಲ ಅನ್ನೋಕಾಗುತ್ತಾ?"

"ಅದಕ್ಕೆ ಹಾಕೋ ಸ್ಪ್ರಿಂಗು ಬರೋದೇ ಮಂಗಳವಾರ!"

"ಸ್ವಲ್ಪ ಬೇಗ ಕಳಿಸ್ರೋ ಅಂತ ಹೇಳು," ಎಂದು ಮಾವ ಕಾಫಿ ಹೀರಿದರು.

ಈ ತಲೆನೋವನ್ನು ಮನೆಗೆ ತಂದವನು ಹಿಸ್ಕೆಯ ಗಂಡ ಬೌಕೆ. ಗ್ರೋನಿಂಗೆನ್ ಪೇಟೆಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಗಡಿಯಾರದಂಗಡಿ ಬಾಗಿಲು ಹಾಕಿದ ಮೇಲೆ, ಯೌರೆ ಊರಿನ ಈ ಮನೆಯಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲೇ ಮೇಜು ಹಾಕಿಕೊಂಡು ಅವಳು ಸ್ವಂತ ಕಸುಬು ಶುರುಮಾಡಿದಳು. ಗಿರಾಕಿಗಳು ಗಡಿಯಾರವನ್ನು ಅಂಚೆಯಲ್ಲಿ ಕಳಿಸಬೇಕು, ಇವಳು ರಿಪೇರಿ ಮಾಡಿ ಅಂಚೆಯಲ್ಲೇ ವಾಪಸು ಕಳಿಸಬೇಕು. ಹಾಲಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಬೌಕೆ ವೆಬ್‌ಸೈಟು ಕಟ್ಟಿಕೊಟ್ಟ. ಮೊದಲು ಅದರಲ್ಲಿ ಹಿಸ್ಕೆಯ ಫೋಟೋವೇ ಇತ್ತು. ಗಡಿಯಾರ ಒಂದೂ ಬರಲಿಲ್ಲ, ಪ್ರಶ್ನೆಗಳು ಮಾತ್ರ ಬಂದವು. ರಿಪೇರಿ ಮಾಡುವವರು ಯಾರು? ನಿಮ್ಮ ಯಜಮಾನರು ಯಾವಾಗ ಸಿಗುತ್ತಾರೆ? ಕಳಿಸಿದ ಗಡಿಯಾರ ವಾಪಸು ಬರುತ್ತದೆಂದು ಏನು ಗ್ಯಾರಂಟಿ?

ಒಂದು ದಿನ ಮಾವ ಬೆರಳಿಗೆ ಮರದ ಸಿಬಿರು ಚುಚ್ಚಿಸಿಕೊಂಡು ಬಂದರು. ಹಿಸ್ಕೆಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ, ಅವಳ ಮೇಜಿನ ದೀಪದಡಿ ಕೂತು, ಬಿಳಿ ಗಡ್ಡ ಇಳಿಬಿಟ್ಟುಕೊಂಡು ಸಿಬಿರು ಹುಡುಕುತ್ತಿದ್ದರು. ಬೌಕೆ ಫೋಟೋ ಹೊಡೆದ. ಚಿತ್ರದಿಂದ ಬೆರಳಿನ ಭಾಗ ಕತ್ತರಿಸಿ ಹಾಕಿದರೆ, ಮೂರು ತಲೆಮಾರಿನ ಗಡಿಯಾರಗಳನ್ನು ಕಂಡ ಮಹಾಪುರುಷ ಅನ್ನಬೇಕು! ತಮಾಷೆಗೆಂದು ಸೈಟಿಗೆ ಏರಿಸಿದ ಚಿತ್ರ ಅದು. ಅದೇ ವಾರ ಅಂಚೆಯವಳು ಪೊಟ್ಟಣಗಳನ್ನು ಚೀಲದಲ್ಲಿ ಹೊತ್ತು ತಂದಳು. ಆಮೇಲೆ ಚಿತ್ರ ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ, ಹಿಸ್ಕೆಗೂ. 'ಆ ಹಿರಿಯರ ಕಣ್ಣಿನಲ್ಲೇ ಪ್ರಾಮಾಣಿಕತೆ ಇದೆ' ಎಂದು ಒಬ್ಬರು ಐದು ನಕ್ಷತ್ರ ಕೊಟ್ಟು ಬರೆದರು. 'ಹಳೇ ಕೈಯ ಕೆಲಸವೇ ಬೇರೆ' ಎಂದು ಇನ್ನೊಬ್ಬರು. ಹಳೇ ಕೈ ಜೀವಮಾನವಿಡೀ ಮಾಡಿದ್ದು ಕಾಲುವೆಯ ಸೇತುವೆ ಎತ್ತುವ ಕೆಲಸ. ದೋಣಿ ಬಂದರೆ ಸೇತುವೆ ಎತ್ತುವುದು, ಗಾಳದ ಕೋಲಿಗೆ ಮರದ ಬೂಟು ಕಟ್ಟಿ ದೋಣಿಯವರ ಮುಂದೆ ಇಳಿಬಿಡುವುದು, ಅವರು ಸುಂಕ ಅದರೊಳಗೆ ಹಾಕಿ ಹೋಗುವುದು. ಈಗ ಆ ಸೇತುವೆಯನ್ನು ಎಲ್ಲೋ ದೂರದ ಕಚೇರಿಯಲ್ಲಿ ಕೂತು ಗುಂಡಿ ಒತ್ತಿ ಎತ್ತುತ್ತಾರೆ.

"ಜನಕ್ಕೆ ಮುಖ ಬೇಕು ಕಣಮ್ಮ," ಅನ್ನುತ್ತಿದ್ದರು ಮಾವ. "ಬೂಟಿನೊಳಗೆ ಎಷ್ಟು ಹಾಕಿದ್ರು ಅಂತ ನಾನು ಒಂದಿನ ಇಣುಕಿ ನೋಡ್ಲಿಲ್ಲ, ಯಾರೂ ಕಮ್ಮಿ ಹಾಕ್ಲಿಲ್ಲ."

"ಮುಖ ನಿಮ್ದು, ಕಣ್ಣು ಹೋಗೋದು ನಂದು," ಅನ್ನುತ್ತಿದ್ದಳು ಹಿಸ್ಕೆ. ಅವಳಿಗೆ ಉರಿಯುತ್ತಿದ್ದುದು ಅದೇ. ಒಬ್ಬನಾದರೂ, ಒಂದು ಸಲವಾದರೂ, ಇವಳ ಮುಖ ನೋಡಿ ಗಡಿಯಾರ ಬಿಚ್ಚಿ ಕೈಗೆ ಕೊಡಬೇಕು. ಅಷ್ಟಕ್ಕಾಗಿ ಅವಳು ಕಲಿತ ವಿದ್ಯೆ, ಬಗ್ಗಿಸಿದ ಬೆನ್ನು.

ತಿರುಪು ಸಿಕ್ಕಿರಲಿಲ್ಲ, ಆಗಲೇ ಬಾಗಿಲ ಗಂಟೆ ಹೊಡೆಯಿತು.

ಹೊಸ್ತಿಲಲ್ಲಿ ದಪ್ಪ ಕೋಟಿನ ಎತ್ತರದ ಮನುಷ್ಯ ನಿಂತಿದ್ದ. "ನನ್ನ ಹೆಸರು ಓಕೆಮಾ. ಅಸ್ಸೆನ್‌ನಿಂದ ಬಂದೆ. ತಾತ ಬರೋಕೆ ಹೇಳಿದ್ರು," ಅಂದ. ಹಿಸ್ಕೆ ಹಿಂದಿರುಗಿ ನೋಡಿದಳು. ಮಾವ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಕಾಫಿ ಆಯಿತು. ತಲೆಗೊಂದು ಬಿಸ್ಕತ್ತು ಕೊಟ್ಟು ಹಿಸ್ಕೆ ಡಬ್ಬಿಯ ಮುಚ್ಚಳ ಹಾಕಿದಳು. ಓಕೆಮಾ ಕರವಸ್ತ್ರ ಬಿಚ್ಚಿ ಕೈಗಡಿಯಾರವೊಂದನ್ನು ಮೇಜಿನ ಮೇಲಿಟ್ಟ. ಅಲಾರಂ ಇರುವ ಹಳೇ ಕೈಗಡಿಯಾರ. ಒಂದು ಗುಂಡಿ ಮುಳ್ಳು ತಿರುಗಿಸಲು, ಇನ್ನೊಂದು ಅಲಾರಮ್ಮಿಗೆ ಕೀ ಕೊಡಲು.

"ಹಾಲಿನ ಟ್ಯಾಂಕರ್ ಓಡಿಸ್ತಿದ್ದೆ ಸ್ವಾಮಿ," ಎಂದು ಅವನು ಮಾವನಿಗೆ ಹೇಳಿದ. "ಕೋಳಿ ಏಳೋ ಮುಂಚೆ ಇದು ಏಳಿಸೋದು. ಬೆಂಕಿಪೆಟ್ಟಿಗೇಲಿ ಜೀರುಂಡೆ ಹಾಕ್ದಂಗೆ ಸದ್ದು. ನನ್ನ ಹೆಂಡತಿ ಕಾಲಲ್ಲಿ ಒದ್ದು ಹೊರಗೆ ಅಟ್ಟೋಳು. ಈಗ ಟಿಕ್‌ಟಿಕ್ ಅನ್ನುತ್ತೆ, ಕೂಗಲ್ಲ. ಹಿಂದೆ ಆನ್‌ಲೈನಿನೋನೊಬ್ಬನಿಗೆ ನನ್ನ ಇನ್ನೊಂದು ಗಡಿಯಾರ ಕಳಿಸಿದ್ದೆ. ಬೋಳಿಮಗ ಒಳಗಿನ ಯಂತ್ರಾನೇ ಬದಲಾಯಿಸಿ ಯಾವುದೋ ಕಸ ತುಂಬಿ ಕಳಿಸಿದ. ಅದಕ್ಕೇ ಇದನ್ನ ಅಂಚೆಗೆ ಹಾಕ್ಲಿಲ್ಲ. ನಿಮ್ಮ ಮುಖ ನೋಡ್ದೆ, ಇವ್ರ ಕೈಗೆ ಕೊಡಬಹುದು ಅನ್ನಿಸ್ತು. ಬಿಚ್ಚಿ ನೋಡಿ ಸ್ವಾಮಿ, ನಾನೂ ನೋಡ್ತೀನಿ."

ಮಾವ ಗಂಭೀರವಾಗಿ ಮೇಜಿನ ಮುಂದೆ ಕೂತರು. ಭೂತಗನ್ನಡಿ ಕಣ್ಣಿಗೇರಿತು. ಗಡಿಯಾರವನ್ನು ಬೋರಲು ಹಾಕಿದರು. ಆಮೇಲೆ ಜೇಬಿಗೆ ಕೈ ಹಾಕಿ ಹಾವುಮೀನಿನ ಚರ್ಮ ಸುಲಿಯುವ ಚಾಕು ತೆಗೆದರು. ಮಂಗನ ಕೈಯಲ್ಲಿ ಮಾಣಿಕ್ಯ ಅನ್ನುವುದನ್ನು ಕೇಳಿದ್ದೇವೆ, ಜೊತೆಗೆ ಚಾಕೂ ಕೊಟ್ಟರೆ?

"ಮಾವಾ! ಕೈ ತೆಗೀರಿ!"

ಹಿಸ್ಕೆ ಕಿರುಚಿದ್ದಕ್ಕೆ ಓಕೆಮಾನ ಕಾಫಿ ತುಳುಕಿತು. ಅವಳು ಚಾಕು ಕಿತ್ತುಕೊಂಡು, ಉಸಿರು ಹಿಡಿದು, ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿಬಿಟ್ಟಳು. "ನೋಡಿ ಯಜಮಾನ್ರೆ, ಇಲ್ಲಿ ರಿಪೇರಿ ಮಾಡೋಳು ನಾನು. ಇವ್ರು ನಮ್ಮ ಮಾವ, ಸೇತುವೆ ಎತ್ತುತ್ತಿದ್ದೋರು. ಫೋಟೋದಲ್ಲಿ ಅವ್ರು ನೋಡ್ತಿರೋದು ಬೆರಳಿಗೆ ಚುಚ್ಚಿದ ಸಿಬಿರು. ಬೇಕಿದ್ರೆ ಬಿಟ್ಟು ಹೋಗಿ, ಬೇಡ ಅಂದ್ರೆ ತಗೊಂಡು ಹೋಗಿ."

ಓಕೆಮಾ ಅವಳನ್ನು ನೋಡಿದ, ಮಾವನ ಕೈ ನೋಡಿದ. ಎಂಬತ್ತರ ಆ ಕೈ ಸಣ್ಣಗೆ ನಡುಗುತ್ತಿತ್ತು. ಅವನ ಮುಖ ಕರಗಿತು.

"ಒಳ್ಳೆ ಸೊಸೆ ಪಡೆದಿದೀರ ಸ್ವಾಮಿ," ಎಂದು ಮಾವನ ಭುಜ ತಟ್ಟಿದ. "ಕೈ ನಡುಗೋದು ಪರರಿಗೆ ಕಾಣಬಾರದು ಅಂತ ಎಂಥಾ ಕತೆ ಕಟ್ತಾಳೆ! ಬಿಡಿ, ನನ್ನೆದುರಿಗೆ ಬೇಡ. ನಿಧಾನವಾಗಿ ಮಾಡಿ. ಆದ್ರೆ ನೀವೇ ಮಾಡಬೇಕು, ಇನ್ನೊಬ್ರು ಮುಟ್ಟಕೂಡದು."

ಮಾವ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಗಡ್ಡ ನೀವಿಕೊಂಡು ಮುಗುಳ್ನಕ್ಕರು. ಓಕೆಮಾ ಅವರ ಕೈಯನ್ನು ಎರಡೂ ಕೈಯಿಂದ ಕುಲುಕಿ ಹೊರಟುಹೋದ.

ಕಾರಿನ ಸದ್ದು ಮರೆಯಾಗುವವರೆಗೂ ಹಿಸ್ಕೆ ತಡೆದುಕೊಂಡಿದ್ದಳು. "ಒಂದು ಮಾತು! ಒಂದೇ ಒಂದು ಮಾತು ಆಡೋಕಾಗ್ಲಿಲ್ವಾ ನಿಮಗೆ? ಸತ್ಯ ಹೇಳಿದೋಳು ನಾನು, ಸುಳ್ಳಿ ಆದೋಳೂ ನಾನೇ!"

"ಅವನು ಅಷ್ಟು ಸಂತೋಷವಾಗಿದ್ದ ಕಣಮ್ಮ," ಅಂದರು ಮಾವ, ನೆಲ ನೋಡುತ್ತ.

ಆ ಸಂಜೆ ಬೌಕೆ ಬರುತ್ತಲೇ ಅವಳು ಅವನನ್ನು ಕೂರಿಸಿ ಮುದುಕನ ಚಿತ್ರ ಇಳಿಸಿ ತನ್ನದನ್ನು ಹಾಕಿಸಿದಳು. ಬೌಕೆ ಬೇಡ ಬೇಡ ಅಂದ. ಗಿರಾಕಿ ಹೋದರೆ ಶಾಪಿಂಗ್ ಮಾಲಿನಲ್ಲಿ ಗಡಿಯಾರದ ಬ್ಯಾಟರಿ ಬದಲಿಸುವ ಕೆಲಸಕ್ಕೆ ನಿಲ್ಲಬೇಕಾದೀತು ಎಂದ. "ನಿಲ್ತೀನಿ," ಅಂದಳು. ಕೊನೆಗೆ ಅವನು ಚಿತ್ರದ ಕೆಳಗೆ ಒಂದು ಸಾಲು ಬರೆದ: 'ಇನ್ನು ಮುಂದೆ ಎಲ್ಲ ಕೆಲಸವನ್ನೂ ಹಿಸ್ಕೆಯೇ ನೋಡಿಕೊಳ್ಳುತ್ತಾರೆ.' ಯೋಚಿಸಿ ಬರೆಯಬೇಕಿತ್ತು.

ಮೂರನೆಯ ದಿನಕ್ಕೆ ಬೂದು ಅಂಚಿನ ಲಕೋಟೆಗಳು ಬರತೊಡಗಿದವು. ಅಗಲಿದ ಹಿರಿಯ ಚೇತನಕ್ಕೆ ಶಾಂತಿ ಕೋರಿ ಮಾಸ್ಟ್ರಿಕ್ಟ್‌ನಿಂದ ಒಂದು, ಉಟ್ರೆಕ್ಟ್‌ನಿಂದ ಎರಡು. ಯಾರೋ ಹೂವನ್ನೇ ಕಳಿಸಿದ್ದರು. ಮಾವ ಬೆಳಗಿನ ತಿಂಡಿಗೆ ಕೂತು, ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ತಮ್ಮ ಸಾವಿನ ಕಾರ್ಡುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು.

"'ಅಂಥ ಕೈ ಇನ್ನು ಹುಟ್ಟಲ್ಲ' ಅಂತೆ. ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ," ಎಂದಳು ಹಿಸ್ಕೆ ಹಲ್ಲು ಕಚ್ಚಿ. ಹೊಸ ಪೊಟ್ಟಣ ಒಂದೂ ಬಂದಿರಲಿಲ್ಲ. ಬರೆದವರಲ್ಲಿ ಇಬ್ಬರು ತಮ್ಮ ಗಡಿಯಾರ ವಾಪಸು ಕೇಳಿದ್ದರು. ಸಾಕಪ್ಪಾ ಸಾಕು ಅನ್ನಿಸಿತು. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡಳು.

ಮಾವ ಕೊನೆಯ ಕಾರ್ಡನ್ನು ಅರ್ಧ ಓದಿ ನಿಲ್ಲಿಸಿದರು. "ಓಕೆಮಾಂದು," ಅಂದರು. ಹಿಸ್ಕೆ ಅದನ್ನು ಕಸಿದು ಓದಿದಳು. ಕುಟುಂಬದ ದುಃಖದಲ್ಲಿ ತಾನೂ ಭಾಗಿ, ಆ ಕೈ ಕುಲುಕಿದ್ದು ತನ್ನ ಭಾಗ್ಯ, ಇನ್ನು ದಯವಿಟ್ಟು ಗಡಿಯಾರವನ್ನು ಬಿಚ್ಚದೆ, ಯಾರೂ ಮುಟ್ಟದೆ, ಹಾಗೇ ವಾಪಸು ಕಳಿಸಬೇಕು.

ಗಡಿಯಾರ ರಿಪೇರಿಯಾಗಿ ಮೇಜಿನ ಮೇಲೆ ಓಡುತ್ತಿತ್ತು. ಅಲಾರಂ ಹೊಡೆಯುವಾಗ ಪುಟ್ಟ ಸುತ್ತಿಗೆಯೊಂದು ಹಿಂಬದಿಯ ಮುಚ್ಚಳದ ಒಳಗಿನ ಮೊಳೆಗೆ ಬಡಿಯಬೇಕು. ಆ ಮೊಳೆಯೇ ಸವೆದು ಹೋಗಿ ಸುತ್ತಿಗೆ ಗಾಳಿಗೆ ಬಡಿಯುತ್ತಿತ್ತು. ಅಷ್ಟನ್ನು ಪತ್ತೆ ಮಾಡಿ, ಉಕ್ಕಿನ ತಂತಿಯಿಂದ ಹೊಸ ಮೊಳೆ ತಯಾರಿಸಿ ಕೂರಿಸಿ, ನಿನ್ನೆಯಷ್ಟೇ ಅವಳು ಮುಗಿಸಿದ್ದಳು. ಒಮ್ಮೆ ಕೂಗಿಸಿ ನೋಡಿ ಒಬ್ಬಳೇ ನಕ್ಕಿದ್ದಳು ಕೂಡ. ಈಗ ಅವಳು ರಟ್ಟಿನ ಡಬ್ಬಿ ಹುಡುಕತೊಡಗಿದಳು. ಕಣ್ಣು ತುಂಬಿಬಂದು ಡಬ್ಬಿ ಎದುರಿಗಿದ್ದರೂ ಕಾಣಿಸಲಿಲ್ಲ.

ಮಾವ ತಟ್ಟೆ ಸರಿಸಿ ಎದ್ದು ಅಂಗಡಿಯ ಫೋನು ಎತ್ತಿಕೊಂಡರು. ಕಿವಿ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಮಾವ, ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ, ಮುಟ್ಟಬೇಡಿ."

ಅಷ್ಟರಲ್ಲಿ ಓಕೆಮಾ ಎತ್ತಿದ್ದ.

"ನಾನು ವೀಬ್ರೆನ್. ಸತ್ತಿಲ್ಲ."

ಆ ಕಡೆ ಏನೋ ಬಿದ್ದ ಸದ್ದಾಯಿತು. "ದೇವ್ರೇ! ಸ್ವಾಮಿ, ನೀವಾ? ಹೆದರಿಸ್ಬಿಟ್ರಲ್ಲ! ಬದುಕಿದೆ. ಹಾಗಾದ್ರೆ ಕೆಲಸ ನೀವೇ ಮಾಡ್ತೀರಿ ತಾನೇ?"

ಮಾವ ಹಿಸ್ಕೆಯ ಕಡೆ ನೋಡಿದರು. ಹೌದು ಅಂದಿದ್ದರೆ ಮುಗಿಯುತ್ತಿತ್ತು.

"ಇಲ್ಲಪ್ಪ. ನನಗೆ ಗಡಿಯಾರಕ್ಕೆ ಕೀ ಕೊಡೋದು ಬಿಟ್ಟು ಇನ್ನೇನೂ ಬರಲ್ಲ. ನಾನು ಸೇತುವೆ ಎತ್ತೋನು. ಅವತ್ತು ಅವಳು ಹೇಳಿದ್ದೆಲ್ಲ ನಿಜ. ನೀನು ಹೊಗಳ್ತಾ ಇದ್ದೆ, ನನಗೆ ಹಿತವಾಗಿತ್ತು, ಸುಮ್ಮನಿದ್ದೆ. ತಪ್ಪು ನಂದು."

"ಅಂದ್ರೆ?" ದನಿ ಗಡುಸಾಯಿತು. "ನನ್ನ ಗಡಿಯಾರ ಬಿಚ್ಚಿದ್ದು ಯಾರು?"

"ಅವಳೇ."

"ಮೋಸ! ಎಲ್ಲಾ ಒಂದೇ ಜಾತಿ ನೀವು! ಮುದುಕನ ಮುಖ ತೋರ್ಸಿ ಊರಿಗೆಲ್ಲ ಟೋಪಿ ಹಾಕ್ತೀರಾ? ಬರೀತೀನಿ, ಎಲ್ಲಾ ಕಡೆ ಬರೀತೀನಿ! ಒಳಗೆ ಏನು ತುಂಬಿದಾಳೋ, ಏನು ಕಿತ್ತಿದಾಳೋ…"

ಫೋನು ಮಾವನ ಕೈಯಲ್ಲಿ ಕಿರುಚುತ್ತಲೇ ಇತ್ತು. ಹಿಸ್ಕೆ ಅದನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಹೇಳಿ ಹೇಳಿ ಅವಳಿಗೆ ರೋಸಿಹೋಗಿತ್ತು. ಗಡಿಯಾರ ಎತ್ತಿ, ಅಲಾರಮ್ಮಿನ ಗುಂಡಿಗೆ ತುಂಬ ಕೀ ಕೊಟ್ಟು, ಮುಳ್ಳು ತಿರುಗಿಸಿ, ಫೋನಿನ ಬಾಯಿಗೆ ಹಿಡಿದಳು.

ಅದು ಕೂಗಿತು. ಕಾಫಿ ಲೋಟದೊಳಗಿನ ಚಮಚ ಕೂಡ ಅದುರುವಂಥ ಕರ್ಕಶ ಸದ್ದು. ಓಕೆಮಾನ ಬೈಗುಳ ಅರ್ಧಕ್ಕೆ ನಿಂತಿತು. ಕೀ ಇಳಿಯುತ್ತ ಇಳಿಯುತ್ತ ಸದ್ದು ಕುಂಟಿತು, ಕೆಮ್ಮಿತು, ನಿಂತಿತು. ಓಕೆಮಾ ಫೋನು ಇಟ್ಟನೋ ಏನೋ ಎಂದು ಹಿಸ್ಕೆ ಬಗ್ಗಿ ನೋಡಿದಳು.

"ಇನ್ನೊಂದ್ಸಲ," ಅಂದಿತು ದನಿ.

"ಕೀ ಕೊಡ್ಬೇಕು. ತಾಳಿ," ಎಂದಳು ಹಿಸ್ಕೆ, ಸಿಡುಕುತ್ತಲೇ.

ಅವಳು ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸತೊಡಗಿದಳು. ಅಸ್ಸೆನ್‌ನಲ್ಲಿ ಓಕೆಮಾ ಕುರ್ಚಿ ಎಳೆದುಕೊಂಡು ಕೂತ ಸದ್ದು ಫೋನಿನಲ್ಲಿ ಕೇಳಿಸಿತು.