ಕಣ್ಣು ಮುಚ್ಚಿ ಬಡಿದ ರೊಟ್ಟಿ

ಶರಣವ್ವ ರೊಟ್ಟಿ ಬಡಿಯುತ್ತಿದ್ದಳು. ಅಂಗೈ ಬಿದ್ದಂತೆಲ್ಲ ಜೋಳದ ಹಿಟ್ಟು ಹಲಗೆಯ ಮೇಲೆ ತಾನೇ ತಿರುಗಿ ಅಗಲವಾಗುತ್ತಿತ್ತು. ಎಡಗಣ್ಣಿನ ಮುಂದೆ ಮಾತ್ರ ಜೇಡರ ಬಲೆ. ಸೆರಗಿನಿಂದ ಎಷ್ಟು ಒರೆಸಿದರೂ ಹೋಗದ ಬಲೆ.

“ಕಣ್ಣು ಮಬ್ಬಾಗೇದ್ರಿ. ಅಕ್ಕ್ಯಾಗಿನ ಹರಳೂ ಕಾಣವಲ್ಲವು,” ಎಂದಳು.

ಗಂಡ ಸಿದ್ದಲಿಂಗಪ್ಪ ಊಟಕ್ಕೆ ಕೂತಿದ್ದ. ಮಲಾಡ್ ಸ್ಟೇಷನ್ ಹತ್ತಿರದ ಬಟ್ಟೆ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. “ಮಬ್ಬಾಗಿದ್ರ ರೊಟ್ಟಿ ಹಿಂಗ ಬರ್ತಿದ್ದವೇನ? ಹುಣ್ಣಿವಿ ಚಂದ್ರಾಮನ ಹಂಗ ಅದಾವ! ಸ್ಟೇಷನ್ ಮುಂದ ಫುಟ್‌ಪಾತ್‌ನಾಗ ಚಾಳೀಸು ಸಿಗ್ತಾವ, ಒಂದು ತರ್ತೀನಿ ತಗೊ.”

ಶರಣವ್ವ ರೊಟ್ಟಿಯನ್ನು ಹಂಚಿಗೆ ರಪ್ಪನೆ ಹಾಕಿದಳು. ಅವನ ಬೆನ್ನಿಗೆ ಒಂದು ಕುರು ಎದ್ದಾಗ ಚಾಳಿನ ಸಾಲುಮನೆಯವರೆಲ್ಲ ಓಡಾಡಿದ್ದರು. ತನಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾದವು. ಈ ಮನೆಯಲ್ಲಿ ತನ್ನ ಕಣ್ಣಿಗೆ ರೊಟ್ಟಿಯೇ ಡಾಕ್ಟರು!

ಹಲಗೆಯ ಗೋಡೆಯಾಚೆ ಎಲ್ಲವನ್ನೂ ಕೇಳಿಸಿಕೊಂಡ ಪಕ್ಕದ ಖೋಲಿಯ ದೇವಕ್ಕ ಬಾಗಿಲಿಗೆ ಬಂದು ನಿಂತಳು. ಅವಳಿಗೂ ಅದೇ ಕಾಯಿಲೆ.

“ಚಾಳೀಸಿಗೆ ಹೋಗೂ ಮಬ್ಬಲ್ಲೋ ತಮ್ಮಾ ಇದು. ನನ್ನ ಎಡಗಣ್ಣು ಹಿಂಗ ಹೋತು. ರಗತದಾಗ ಸಕ್ಕರಿ ಹೆಚ್ಚಾದ್ರ ಕಣ್ಣಿನ ಹಿಂದಿನ ಸಣ್ಣ ಸಣ್ಣ ರಗತದ ನರ ಸೋರ್ತಾವ. ಬ್ಯಾನಿ ಇಲ್ಲ, ಉರಿ ಇಲ್ಲ. ಸುದ್ದಿ ಇಲ್ಲದ ಕತ್ತಲಾಗ್ತದ. ನಾಳೆ ಬೆಳಿಗ್ಗೆ ನಾ ದೊಡ್ಡ ದವಾಖಾನಿಗೆ ಹೊಂಟೀನಿ. ಕಳಸು ಇಕೀನ್ನ.”

“ಕಣ್ಣಾಗ ಲೇಸರ್ ಬೆಳಕು ಹಾಕಿಸ್ಕೊಳ್ಳಾಕೇನ? ನಮ್ಮಕ್ಕ ಚಂದ್ರವ್ವನೂ ಹಾಕಿಸ್ಕೊಂಡ್ಲು. ಮೊದಲಿನಕಿಂತ ಚಂದ ಏನೂ ಕಾಣೂದಿಲ್ಲ ಅಂತಾಳ. ಸುಮ್ಮ ಕಣ್ಣು ಸುಡಿಸ್ಕೊಳ್ಳೂದು!” ಎಂದ ಸಿದ್ದಲಿಂಗಪ್ಪ.

“ಹೋದ ಬೆಳಕು ತರಾಕಲ್ಲಪಾ ಅದು, ಉಳದದ್ದನ್ನ ಕಾಯಾಕ. ಸೋರೂ ಮಾಳಿಗಿ ಮುಚ್ಚಿದ್ರ ತೊಯ್ದ ಜೋಳ ಒಣಗ್ತದೇನ? ಉಳದ ಚೀಲ ಉಳೀತಾವ. ಕಣ್ಣಿಗೆ ಹನಿ ಹಾಕಿ, ಯಂತ್ರದ ಮುಂದ ಗದ್ದ ಇಟ್ಟು ಕುಂದರಸ್ತಾರ. ಫಕ್ ಫಕ್ ಅಂತ ಬೆಳಕು. ಒಂದೀಟು ಚುಚ್ಚಿದಂಗ ಆಗ್ತದ, ಅಷ್ಟ. ಕರದಾಗೆಲ್ಲ ಹೋಗಬೇಕು. ನನ್ನ ಬಲಗಣ್ಣು ಉಳದದ್ದು ಅದರಿಂದನ.”

“ಆದ್ರೂ… ರೊಟ್ಟಿ ದುಂಡಗ…”

ಶರಣವ್ವ ಹಿಟ್ಟಿನ ಉಂಡೆಯನ್ನು ಹಲಗೆಗೆ ಅಪ್ಪಳಿಸಿದಳು. ಮುಖವನ್ನು ಗಂಡನ ಕಡೆ ತಿರುಗಿಸಿ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಪಟಪಟ ಬಡಿದಳು. ಕಣ್ಣು ತೆರೆದು, ರೊಟ್ಟಿಯನ್ನೆತ್ತಿ ಅವನ ಮುಖದ ಮುಂದೆ ಹಿಡಿದಳು. ಹುಣ್ಣಿಮೆಯ ಚಂದ್ರನೇ.

“ನೋಡ್ರಿ! ಇದು ಕಣ್ಣಿನ ಕೆಲಸ ಅಲ್ಲ, ಕೈ ಕೆಲಸ. ನಾ ಪೂರಾ ಕುರುಡಾದ್ರೂ ನಿಮಗ ದುಂಡಗಿನ ರೊಟ್ಟಿ ಸಿಗ್ತದ. ನಿಮಗೇನೂ ಕಮ್ಮಿ ಆಗೂದಿಲ್ಲ!”

ಸಿದ್ದಲಿಂಗಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟ. ನೀರು ಕುಡಿದು, ತಲೆ ತಗ್ಗಿಸಿ, “ತಪ್ಪಾತು. ಖರೇನ ತಪ್ಪಾತು. ತೋರಸೂಣು. ಈಗ ಅಂಗಡ್ಯಾಗ ದೀಪಾವಳಿ ಗದ್ದಲ, ಹಬ್ಬ ಮುಗೀಲಿ,” ಎಂದ.

ಶರಣವ್ವ ಹಿಟ್ಟಿನ ಡಬ್ಬಿಯನ್ನು ಹತ್ತಿರಕ್ಕೆಳೆದುಕೊಂಡಳು. ಹಬ್ಬ ಮುಗಿದರೆ ಮದುವೆಗಳ ಗದ್ದಲ. ಸೋರುವ ಮಾಳಿಗೆ ಅಂಗಡಿಯ ಬಿಡುವಿಗೆ ಕಾಯುತ್ತದೆಯೇ? ಡಬ್ಬಿಯಿಂದ ಇನ್ನಷ್ಟು ಹಿಟ್ಟು ತೆಗೆದು ನಾದಿದಳು.

“ಇಷ್ಟ್ಯಾಕ ರೊಟ್ಟಿ?” ಎಂದ ಗಂಡ.

“ಇರಲಿ,” ಎಂದಳು. ನಾಳೆಯ ಪಾಲನ್ನೂ ಬಡಿದು, ಬೇಯಿಸಿ, ಬುಟ್ಟಿಗೆ ಹಾಕಿ ಮುಚ್ಚಿದಳು. ಬೆಳಿಗ್ಗೆ ದೇವಕ್ಕ ಹಿಡಿಯುವ ಲೋಕಲ್ ರೈಲು ತನಗೂ ಗೊತ್ತು, ತಾನೂ ಅದನ್ನೇ ಹತ್ತುವುದು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಆದರೆ ಅಕ್ಕತಂಗಿಯರೇ, ನಿಮಗೆ ಹೇಳಲೇಬೇಕು. ಸಕ್ಕರೆ ಕಾಯಿಲೆ ಇದ್ದರೆ ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಸಕ್ಕರೆಯನ್ನು ಹತೋಟಿಯಲ್ಲಿಡಿ. ಲೇಸರ್ ಬೇಕೆಂದರೆ ಮುಂದೂಡಬೇಡಿ, ಅರ್ಧಕ್ಕೆ ಬಿಡಬೇಡಿ. ಮನೆಯವರಿಗೆ ಬಿಡುವಿಲ್ಲವೇ? ನೆರೆಯವಳನ್ನು ಜೊತೆ ಮಾಡಿಕೊಂಡು ಹೊರಡಿ. ಕೈಗೆ ರೊಟ್ಟಿ ಬಡಿಯಲು ಬಂದೀತು, ಮಕ್ಕಳ ಮುಖ ನೋಡಲು ಬಾರದು.