ಖಂಡೆಪೂಜೆಗೆ ಎದ್ದ ಮಶಿನ್

ಸರಿತಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ? ಅಥಣಿ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗಕ್ಕೆ ಹದಿನೆಂಟು ವರ್ಷದಿಂದ ನಾನೇ ಮುಖ್ಯಸ್ಥ. ಅವಳು ದಿಗ್ಗೇವಾಡಿಯಿಂದ ಬಸ್ಸಿನಲ್ಲಿ ಬಂದುಹೋಗುವ ಗುತ್ತಿಗೆ ನೌಕರಿಯವಳು. ಆದರೂ ಮೀಟಿಂಗಿನಲ್ಲಿ ಚೇರ್ಮನ್ನರು ನನ್ನನ್ನು ಬಿಟ್ಟು ಅವಳನ್ನೇ ಕೇಳುತ್ತಿದ್ದರು. 2014ರ ದಸರೆ ಮುಗಿದ ಕೂಡಲೇ ಅವಳನ್ನು ಕಾಯಂ ಮಾಡುವ ಆರ್ಡರಿಗೆ ಸಹಿ ಬೀಳುವುದಿತ್ತು. ಆ ಕುರ್ಚಿಯಲ್ಲಿ ನನ್ನ ತಂಗಿಯ ಮಗ ಸಂಗ್ರಾಮನನ್ನು ಕೂಡಿಸಬೇಕೆಂದು ನನಗಿತ್ತು.

ನಮ್ಮಲ್ಲಿರುವುದು ಒಂದೇ ಹಳೆಯ ಸರ್ವರ್. ಅದರೊಳಗೆ ಆರು ವರ್ಚುವಲ್ ಮಶಿನ್‌ಗಳು, ಅಂದರೆ ಒಂದೇ ಪೆಟ್ಟಿಗೆಯಲ್ಲಿ ಬೇರೆಬೇರೆಯಾಗಿ ಓಡುವ ಆರು ಕಂಪ್ಯೂಟರುಗಳಿದ್ದಂತೆ. ಒಂದು ತೂಕದ ಕಾಟಾ ನೋಡಿಕೊಂಡರೆ, ಇನ್ನೊಂದು ಕಬ್ಬಿನ ಟ್ರ್ಯಾಕ್ಟರುಗಳನ್ನು ಪಾಳಿಯಂತೆ ಧ್ವನಿವರ್ಧಕದಲ್ಲಿ ಕರೆಯುತ್ತದೆ. ಯಾವುದಾದರೂ ನಿಂತರೆ ಮೊದಲೆಲ್ಲ ನಾವೇ ಓಡಿ ಎಬ್ಬಿಸಬೇಕಿತ್ತು. ಸರಿತಾ ಟ್ರಿಗರ್ ಕಟ್ಟಿದಳು: ಮಶಿನ್ ನಿಂತು ಎರಡು ನಿಮಿಷವಾದರೆ ತಾನಾಗಿ ಚಾಲೂ ಆಗಬೇಕು, ಅವಳ ಫೋನಿಗೆ ಮೆಸೇಜ್ ಹೋಗಬೇಕು. ಚೇರ್ಮನ್ನರು ಭೇಷ್ ಅಂದರು. ನಾನೂ ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ.

ಖಂಡೆಪೂಜೆ ಅಂದರೆ ದಸರೆಯ ಆಯುಧಪೂಜೆ, ಆ ದಿನ ನಮ್ಮ ಕಡೆ ಯಂತ್ರಗಳಿಗೆ ವಿಶ್ರಾಂತಿ. ಕುಂಕುಮ ಹಚ್ಚಿ ಹೂವೇರಿಸಿದರೆ ಮರುದಿನ ಕಾಯಿ ಒಡೆಯುವವರೆಗೆ ಯಾರೂ ಮುಟ್ಟುವುದಿಲ್ಲ. ಸರ್ವರ್ ಆರಿಸಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಒಳಗಿನ ಮಶಿನ್‌ಗಳನ್ನಷ್ಟೇ ನಿಲ್ಲಿಸುತ್ತೇವೆ. ಅದಕ್ಕೂ ಮೊದಲು ಟ್ರಿಗರ್ ಬಂದ್ ಆಗಬೇಕು. ಸರಿತಾಳದು ಬೌದ್ಧ ಮನೆತನ. ಪೂಜೆಯ ಹಿಂದಿನ ದಿನವೇ ತಾಯಿಯನ್ನು ಕರೆದುಕೊಂಡು ಕುಡಚಿಯಲ್ಲಿ ರೈಲು ಹತ್ತಿ, ಅಂಬೇಡ್ಕರರು ದಸರೆಯಂದು ಬೌದ್ಧ ದೀಕ್ಷೆ ಪಡೆದ ನಾಗಪುರದ ದೀಕ್ಷಾಭೂಮಿಗೆ ಹೊರಟಿದ್ದಳು.

“ಸರ, ಹಂಗಾಮಿನ ಟ್ರಯಲ್ ನಡದೈತಿ, ಅದಕ್ಕ ಟ್ರಿಗರ್ ಹಂಗ ಬಿಟ್ಟೀನ್ರಿ. ನಾಳೆ ಪೂಜಾಕ್ಕಿಂತ ಮೊದಲ ನೆನಪಿಲೆ ಬಂದ್ ಮಾಡ್ರಿ,” ಎಂದಳು.

“ನಾ ಅದೀನಲ್ಲವಾ. ನೀ ಆರಾಮ ಹೋಗಿ ಬಾ,” ಎಂದೆ.

ಮರುದಿನ ಆರತಿಗೆ ತುಸು ಮೊದಲು ಮಶಿನ್‌ಗಳನ್ನು ನಿಲ್ಲಿಸಿದೆ. ಟ್ರಿಗರಿಗೆ ಕೈ ಹಚ್ಚಲಿಲ್ಲ. ಚೇರ್ಮನ್ನರು ಆರತಿ ಎತ್ತುವ ಹೊತ್ತಿಗೆ ಅಂಗಳದ ಧ್ವನಿವರ್ಧಕ ಮಾತಾಡಿತು: “ಪಾಳಿ ನಂಬರ್ ಒಂದು, ಕಾಟಾಕ್ಕ ಬರ್ರಿ. ಪಾಳಿ ನಂಬರ್ ಎರಡು, ಕಾಟಾಕ್ಕ ಬರ್ರಿ.” ಅದು ಸರಿತಾಳೇ ರೆಕಾರ್ಡ್ ಮಾಡಿಟ್ಟ ದನಿ. ಕಾರ್ಖಾನೆಯಲ್ಲಿ ಅದನ್ನು ಗುರುತಿಸದವರಿಲ್ಲ. ಭಟ್ಟರು ಮಂತ್ರ ನಿಲ್ಲಿಸಿದರು.

“ಏನಿದು?” ಎಂದು ಚೇರ್ಮನ್ನರು ನನ್ನತ್ತ ತಿರುಗಿದರು.

“ಸರಿತಾ ಹಚ್ಚಿಟ್ಟ ಹೋಗ್ಯಾಳ್ರಿ. ನಮ್ಮ ಪೂಜಾ ಅವರಿಗೆಲ್ಲಿ ನಡೀತೈತ್ರಿ?”

ಆ ಎರಡನೆಯ ಮಾತು ಆಡದಿದ್ದರೂ ನಡೆಯುತ್ತಿತ್ತು. ಆಡಿದೆ, ಆಡಿ ಖುಷಿಯೂ ಪಟ್ಟೆ. ಆರ್ಡರ್ ಅಲ್ಲೇ ರದ್ದಾಯಿತು.

ನಾಗಪುರದಿಂದ ಬಂದವಳನ್ನು ಗೇಟಿನಲ್ಲೇ ತಡೆದರು. ನಾನು ಹೊರಗೆ ಹೋದೆ.

“ಸರ, ನೀವ ಬಂದ್ ಮಾಡ್ತೀನಿ ಅಂದಿದ್ರಲ್ರಿ?”

“ಮರತೆ ನೋಡವಾ, ವಯಸ್ಸಾತು. ಚೇರ್ಮನ್ನರ ಸಿಟ್ಟ ಇಳೀಲಿ, ನಾನ ಮಾತಾಡ್ತೀನಿ. ಅಲ್ಲೀತನಕ ಮೆಸೇಜ್ ಬಂದ್ರ ಫೋನ್ ಮಾಡ್ಕೋತ ಇರು. ನಿನ್ನ ಕೆಲಸ ಅವರ ಕಣ್ಣಿಗೂ ಬೀಳಲಿ.”

ಹುಚ್ಚಿ, ನಂಬಿದಳು. ಕೈಮುಗಿದಳು ಕೂಡ.

ಸಂಗ್ರಾಮ ಅವಳ ಕುರ್ಚಿಗೆ ಬಂದ. ಟ್ರಿಗರ್ ಅಂದರೇನೆಂದು ಅವನಿಗೂ ತಿಳಿಯದು, ನನಗೂ ಅಷ್ಟಕ್ಕಷ್ಟೇ. ಟ್ರಿಗರ್ ಎಬ್ಬಿಸಿದ ಮಶಿನ್ ಮತ್ತೆ ಮಲಗಿದರೆ, ಮೆಸೇಜ್ ನೋಡಿದ ಸರಿತಾಳ ಫೋನ್ ಬರುತ್ತಿತ್ತು. ಕೆಲಸ ಹೋದ ಮೇಲೆ ಹಿಡಿದಿದ್ದ ದ್ರಾಕ್ಷಿ ತೋಟದ ಕೂಲಿಯ ನಡುವೆ, ಹೆಂಗಸರ ಗದ್ದಲದಲ್ಲಿ ನಿಂತು, ಯಾವ ಪರದೆ ತೆಗೆಯಬೇಕು, ಯಾವ ಗೆರೆ ತಿದ್ದಬೇಕು ಎಂದು ಹೇಳುತ್ತಿದ್ದಳು. ನಾನು ಸ್ಪೀಕರ್ ಹಾಕುತ್ತಿದ್ದೆ, ಸಂಗ್ರಾಮ ಬರೆದುಕೊಳ್ಳುತ್ತಿದ್ದ. ಕೊನೆಗೆ ಒಂದೇ ಪ್ರಶ್ನೆ: “ನನ್ನ ಆರ್ಡರ್ ಸುದ್ದಿ ಏನರ ಬಂತ್ರಿ?”

“ನೋಡೂಣು,” ಎನ್ನುತ್ತಿದ್ದೆ.

ಫೆಬ್ರುವರಿಯಲ್ಲಿ ಸಂಗ್ರಾಮ, “ಮಾಮಾ, ಎಲ್ಲಾ ಬರಕೊಂಡೀನಿ. ಇನ್ನ ಅಕಿ ಯಾಕ ಬೇಕು?” ಎಂದ. ಟ್ರಿಗರಿನಲ್ಲಿದ್ದ ಅವಳ ನಂಬರ್ ತೆಗೆದು ಅವನದು ಹಾಕಿಸಿದೆ.

ಹದಿನೈದು ದಿನದ ಮೇಲೆ ಅವಳೇ ಫೋನ್ ಮಾಡಿದಳು.

“ಸರ, ಒಂದೂ ಮೆಸೇಜ್ ಬಂದಿಲ್ರಿ. ಮಶಿನ್ ಎಲ್ಲಾ ಛಲೋ ನಡದಾವೇನ್ರಿ?”

“ಛಲೋ ನಡದಾವವಾ. ಒಂದೂ ನಿಂತಿಲ್ಲ.”

“ಹೌದ್ರೀ?” ದನಿಯಲ್ಲೇ ನಗು ಕೇಳಿಸಿತು. “ಹಂಗಾರ ಚೇರ್ಮನ್ನರಿಗೆ ಈಗ ಹೇಳ್ರಿ ಸರ. ನಾ ಮಾಡಿದ್ದರಿಂದ ನಿಂತಿಲ್ಲ ಅಂತ ಹೇಳ್ರಿ.”

“ಹೇಳ್ತೀನಿ,” ಎಂದು ಫೋನ್ ಇಟ್ಟೆ.